ಮಾಂಡವ್ಯನ ಪ್ರಶ್ನೆ

ನಾನು ಚಿಕ್ಕವನಾಗಿದ್ದಾಗ ನಮ್ಮ ನಡುಮನೆಯ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಅಡಕಲು ಗಡಿಗೆಗಳಿದ್ದುವು. ಅವುಗಳಲ್ಲಿ ಒಂದರಲ್ಲಿ ಬೆಲ್ಲವಿರುತ್ತಿತ್ತು. ಮಧ್ಯಾಹ್ನದ ಊಟ ಮುಗಿದು ಹಿರಿಯರು ಮಲಗಿದ ಹೊತ್ತಿನಲ್ಲಿ ಆ ಗಡಿಗೆಗೆ ಕೈಯಿಕ್ಕುವುದು ನನ್ನ ನಿತ್ಯಕರ್ಮಗಳಲ್ಲಿ ಒಂದಾಗಿತ್ತು. ಇದು ಅಜ್ಜಿಗೆ ತಿಳಿಯದೆ ಇರಲಿಲ್ಲ. ಆದರೆ ಆಕೆ ಗದರಿಸಿದವಳಲ್ಲ, ಹೊಡೆದವಳಂತೂ ಅಲ್ಲವೇ ಅಲ್ಲ. “ನಾನು ಕಾಣದಿದ್ದರೇನಂತೆ ಮಗು, ಚಿತ್ರಗುಪ್ತ ಬರಕೊಂಡಿರ್ತಾನೆ” ಎಂದು ಹೇಳಿ ಮಗ್ಗುಲು ಬದಲಾಯಿಸುತ್ತಿದ್ದಳು. ಅಷ್ಟಕ್ಕೇ ನನ್ನ ಬಾಯೊಳಗಿನ ಬೆಲ್ಲ ಕಹಿಯಾಗುತ್ತಿತ್ತು. ಯಮನ ಆಸ್ಥಾನದ ಆ ಕರಣಿಕನನ್ನು ನಾನು ನಮ್ಮ ಊರಿನ ಹಳೆಯ ಶಾನುಭೋಗರ ರೂಪದಲ್ಲಿಯೇ ಕಲ್ಪಿಸಿಕೊಂಡಿದ್ದೆನು: ಕಿವಿಯ ಸಂದಿನಲ್ಲಿ ಲೇಖನಿ, ಮುಂದೆ ದಪ್ಪನೆಯ ಕಡತ, ಮೂಗಿನ ತುದಿಗೆ ಜಾರಿದ ಕನ್ನಡಕ. ಆ ಕನ್ನಡಕದ ಮೇಲಿನಿಂದ ಅವನು ನನ್ನನ್ನು ನೋಡುತ್ತಿರುವನೆಂದು ಅನೇಕ ದಿನ ಹೆದರಿದ್ದುಂಟು.

ಮನುಷ್ಯನು ಮಾಡಿದ್ದೆಲ್ಲವನ್ನೂ ಯಾರೋ ಒಬ್ಬರು ಬರೆದಿಡುತ್ತಿದ್ದಾರೆ ಎಂಬ ಭಾವನೆ ನಮ್ಮ ಅಜ್ಜಿಯೊಬ್ಬಳದೇ ಅಲ್ಲ. ಪ್ರತಿಯೊಬ್ಬನ ಸಂಗಡವೂ ಇಬ್ಬರು ದೇವದೂತರಿದ್ದು ಅವನ ಒಳಿತು ಕೆಡುಕುಗಳನ್ನು ದಾಖಲಿಸುತ್ತಾರೆಂದು ಇಸ್ಲಾಂ ಧರ್ಮದವರು ನಂಬುತ್ತಾರೆ. ಅಂತಿಮ ತೀರ್ಪಿನ ದಿನ ಪುಸ್ತಕಗಳು ತೆರೆಯಲ್ಪಡುವುವೆಂದು ಕ್ರೈಸ್ತರ ಧರ್ಮಗ್ರಂಥ ಹೇಳುತ್ತದೆ. ಜೈನರು ಬರೆಯುವವನೊಬ್ಬನು ಬೇಕೆಂದೇ ಭಾವಿಸಲಿಲ್ಲ. ಮಾಡಿದ ಕರ್ಮವು ಸೂಕ್ಷ್ಮ ಕಣಗಳಾಗಿ ಜೀವಕ್ಕೇ ಅಂಟಿಕೊಳ್ಳುವುದೆಂದು ಅವರ ಸಿದ್ಧಾಂತ. ಹೇಗೆ ಹೇಳಿದರೂ ತಾತ್ಪರ್ಯ ಒಂದೇ: ಯಾರೂ ಕಾಣಲಿಲ್ಲವೆಂದು ಮಾಡಿದ ಕೆಲಸವೂ ಕಾಣದೆ ಹೋಗುವುದಿಲ್ಲ.

ಹಾಗಾದರೆ ಆ ಬರವಣಿಗೆಯನ್ನು ಮನುಷ್ಯನು ಪ್ರಶ್ನಿಸಬಹುದೆ? ಪ್ರಶ್ನಿಸಿದವನೊಬ್ಬನ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಅವನೇ ಮಾಂಡವ್ಯ ಮುನಿ.

ಮಾಂಡವ್ಯನು ತನ್ನ ಆಶ್ರಮದ ಬಾಗಿಲಲ್ಲಿ ಮರದ ಕೆಳಗೆ ತೋಳುಗಳನ್ನು ಮೇಲೆತ್ತಿ ಮೌನವ್ರತದಲ್ಲಿ ನಿಂತಿದ್ದನು. ರಾಜಭಟರು ಬೆನ್ನಟ್ಟಿ ಬಂದ ಕಳ್ಳರು ಕದ್ದ ಒಡವೆಯೊಡನೆ ಆ ಆಶ್ರಮದಲ್ಲಿ ಅಡಗಿಕೊಂಡರು. ಭಟರು ಬಂದು ಕೇಳಿದರೆ ಮುನಿ ಮಾತಾಡಲಿಲ್ಲ. ಹುಡುಕಿದಾಗ ಕಳ್ಳರೂ ಸಿಕ್ಕಿದರು, ಒಡವೆಯೂ ಸಿಕ್ಕಿತು. ಇವನೂ ಅವರ ಸಂಗಡಿಗನೇ ಇರಬೇಕೆಂದು ಅರಸನು ಕಳ್ಳರ ಜೊತೆಗೆ ಮುನಿಯನ್ನೂ ಶೂಲಕ್ಕೇರಿಸಿದನು. ತಪೋಬಲದಿಂದ ಮಾಂಡವ್ಯನು ಸಾಯಲಿಲ್ಲ. ನಿಜವನ್ನು ತಿಳಿದ ಅರಸನು ಓಡಿಬಂದು ಕ್ಷಮೆ ಬೇಡಿ ಶೂಲವನ್ನು ಕೀಳಲು ನೋಡಿದನು, ಅದು ಬರಲಿಲ್ಲ. ಹೊರಗಿನ ಭಾಗವನ್ನು ಕತ್ತರಿಸಿದರು. ಉಳಿದ ಮೊನೆಯನ್ನು ಮೈಯೊಳಗೇ ಹೊತ್ತು ತಿರುಗಿದ ಮುನಿಗೆ ಆಣಿಮಾಂಡವ್ಯನೆಂದೇ ಹೆಸರಾಯಿತು.

ಅವನು ನೇರವಾಗಿ ಧರ್ಮದೇವತೆಯ ಸಭೆಗೆ ಹೋದನು. ‘ಯಾವ ತಪ್ಪಿಗಾಗಿ ನನಗೆ ಈ ದಂಡನೆ?’ ಎಂದು ಕೇಳಿದನು. ಧರ್ಮನ ಬಳಿ ಲೆಕ್ಕ ಸಿದ್ಧವಾಗಿಯೇ ಇತ್ತು. ಮುನಿ ಬಾಲಕನಾಗಿದ್ದಾಗ ಚಿಕ್ಕ ಹುಳುಗಳ ಬಾಲಕ್ಕೆ ಹುಲ್ಲಿನ ಕಡ್ಡಿ ಚುಚ್ಚಿ ಆಡಿದ್ದನಂತೆ. ಅದರ ಫಲವೇ ಈ ಶೂಲ. ಮಾಂಡವ್ಯನು ಆ ಲೆಕ್ಕವನ್ನು ಸುಳ್ಳೆನ್ನಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಚುಚ್ಚಿದ್ದು ನಿಜವೇ. ಅವನು ಹೇಳಿದ್ದು ಬೇರೆ: ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಧರ್ಮವಲ್ಲ, ಅದೂ ಏನೂ ಅರಿಯದ ವಯಸ್ಸಿನಲ್ಲಿ ಮಾಡಿದ್ದಕ್ಕೆ. ಹಾಗೆ ಹೇಳಿ ಅವನು ಎರಡು ಕೆಲಸ ಮಾಡಿದನು. ಮನುಷ್ಯನಾಗಿ ಹುಟ್ಟೆಂದು ಧರ್ಮನನ್ನೇ ಶಪಿಸಿದನು. ಆ ಶಾಪದಿಂದ ಧರ್ಮನು ದಾಸಿಯ ಮಗನಾದ ವಿದುರನಾಗಿ ಜನಿಸಿದನು. ಮತ್ತು ಇನ್ನು ಮುಂದೆ ೧೪ ವರ್ಷದವರೆಗೆ ಮಾಡಿದ ತಪ್ಪು ಪಾಪವೆಂದು ಎಣಿಸಲ್ಪಡತಕ್ಕದ್ದಲ್ಲ ಎಂಬ ಮೇರೆಯನ್ನು ಲೋಕದಲ್ಲಿ ಸ್ಥಾಪಿಸಿದನು.

ಈ ಪಾಠವನ್ನು ಓದುತ್ತಿರುವ ನಿಮ್ಮಲ್ಲಿ ಬಹುಮಂದಿಗೆ ಈಗಷ್ಟೇ ೧೪ ತುಂಬಿರಬಹುದು, ಇಲ್ಲವೆ ತುಂಬುವುದರಲ್ಲಿರಬಹುದು. ಆದುದರಿಂದ ಈ ಮುನಿ ನಿಮ್ಮ ವಕೀಲನೆಂದೇ ತಿಳಿಯಿರಿ. ನಿಮಗೆ ಈಗ ವಕೀಲನ ಅಗತ್ಯವೂ ಇದೆ. ಏಕೆಂದರೆ ನಮ್ಮ ಕಾಲದಲ್ಲಿ ಹೊಸದೊಂದು ಕಡತ ಬಿಚ್ಚಿಕೊಂಡಿದೆ.

ನಿಮ್ಮ ಮನೆಯಲ್ಲಿ ಒಂದು ಸ್ಮಾರ್ಟ್‌ಫೋನ್ ಇದ್ದೀತು. ಅದನ್ನು ನೀವು ನೋಡುತ್ತೀರಿ. ಅದೂ ನಿಮ್ಮನ್ನು ನೋಡುತ್ತದೆ. ಅದು ಯಾವ ಗೋಪುರದ ಆಸರೆಯಲ್ಲಿದೆ, ಹೊತ್ತು ಮೂಡುವ ಮೊದಲೇ ತೆರೆಯಲ್ಪಟ್ಟಿತೆ, ಯಾವ ಚಿತ್ರವನ್ನು ಎಷ್ಟು ಕ್ಷಣ ನೋಡಿದಿರಿ, ಯಾವುದನ್ನು ಅರ್ಧಕ್ಕೆ ಬಿಟ್ಟಿರಿ, ಏನನ್ನು ಹುಡುಕಿದಿರಿ, ಯಾರೊಡನೆ ಹೆಚ್ಚಾಗಿ ಮಾತಾಡುವಿರಿ, ಇವೆಲ್ಲವೂ ಎಲ್ಲೋ ದೂರದ ಗಣಕಯಂತ್ರಗಳಲ್ಲಿ ಶೇಖರವಾಗುತ್ತವೆ. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಯೂ ಚೌಕಾಕಾರದ ಗುರುತಿನ ಹಲಗೆಯೊಂದನ್ನು ಮುಂದಿಟ್ಟುಕೊಂಡಿದ್ದಾಳೆ. ೨೦೧೬ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ ೨೦೨೫ರ ಮೇ ತಿಂಗಳೊಂದರಲ್ಲಿಯೇ ೧,೮೦೦ ಕೋಟಿಗಿಂತ ಹೆಚ್ಚು ಬಾರಿ ಹಣ ಕೈ ಬದಲಾಯಿಸಿತು. ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿಗೂ ಒಂದು ಬರವಣಿಗೆ ಇದೆಯೆಂದಾಯಿತು. ಚಿತ್ರಗುಪ್ತನಾದರೂ ಸೊಪ್ಪಿನ ಲೆಕ್ಕ ಇಟ್ಟಿದ್ದನೋ ಇಲ್ಲವೋ!

ಹೀಗೆ ಗುಡ್ಡೆಗುಡ್ಡೆಯಾಗಿ ಕೂಡಿದ ವಿವರಗಳ ರಾಶಿಗೆ ‘ಬಿಗ್ ಡೇಟಾ’ ಎಂದು ಹೆಸರು. ಕನ್ನಡದಲ್ಲಿ ಬೃಹತ್ ದತ್ತಾಂಶವೆನ್ನುತ್ತೇವೆ. ರಾಶಿ ದೊಡ್ಡದಾಗಿದ್ದ ಮಾತ್ರಕ್ಕೆ ಅದಕ್ಕೆ ಮಹತ್ತ್ವ ಬರುವುದಿಲ್ಲ. ಅದರಲ್ಲಿ ಯಂತ್ರಗಳು ಹೋಲಿಕೆಗಳನ್ನು ಹುಡುಕುತ್ತವೆ. ಇಂಥದನ್ನು ಕೊಂಡವರು ಮುಂದೆ ಇಂಥದನ್ನೂ ಕೊಳ್ಳುತ್ತಾರೆ, ಹೀಗೆ ನಡೆದುಕೊಂಡವರು ಸಾಲವನ್ನು ತೀರಿಸುವುದಿಲ್ಲ ಎಂಬಂಥ ಹೋಲಿಕೆಗಳು. ಲಕ್ಷಾಂತರ ಜನರ ನಡೆಯಿಂದ ಒಬ್ಬನ ನಾಳೆಯನ್ನು ಊಹಿಸುವುದೇ ಈ ವಿದ್ಯೆಯ ಬಂಡವಾಳ. ಚಿತ್ರಗುಪ್ತನು ಮಾಡಿದ್ದನ್ನು ಮಾತ್ರ ಬರೆಯುತ್ತಿದ್ದನು. ಈ ಹೊಸ ಕರಣಿಕನು ಮಾಡದೆ ಇರುವುದನ್ನೂ ಬರೆಯುತ್ತಾನೆ.

ಇಷ್ಟಕ್ಕೇ ಈ ವಿದ್ಯೆಯನ್ನು ರಾಕ್ಷಸವಿದ್ಯೆಯೆಂದು ದೂರುವವನು ನಾನಲ್ಲ. ಎಣಿಕೆಯೂ ಒಂದು ಕರುಣೆಯಾಗಬಲ್ಲುದು. ೧೮೫೪ರಲ್ಲಿ ಲಂಡನ್ ನಗರದ ಒಂದು ಭಾಗದಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಲೆಕ್ಕಹಾಕಿ ನಕ್ಷೆಯಲ್ಲಿ ಗುರುತಿಸಿದನು. ಗುರುತುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದುವು. ರೋಗ ನೀರಿನಿಂದ ಹರಡುವುದೆಂಬ ಅವನ ವಾದಕ್ಕೆ ಆ ಲೆಕ್ಕ ಬಲವಾದ ಆಧಾರವಾಯಿತು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನೇ ನೋಡಿರಿ. ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದ ಮೇಲೆ, ತನ್ನ ಹೊಲದ ಒಂದು ಕಾಗದಕ್ಕಾಗಿ ರೈತನು ಚಾವಡಿಯ ಜಗಲಿಯಲ್ಲಿ ದಿನಗಟ್ಟಲೆ ಕಾಯುವುದು ತಪ್ಪಿತು. ನಮ್ಮ ತಂದೆ ಹಾಗೆ ಕಾದವರು. ಗೋಡೆಗೊರಗಿ ಕುಳಿತ ಅವರ ಪಕ್ಕದಲ್ಲಿ ನಾನೂ ಕುಳಿತು ತೂಕಡಿಸಿದ್ದೇನೆ. ಆದುದರಿಂದ ಹಳೆಯ ಕಡತವೆಲ್ಲ ಪುಣ್ಯಮಯ, ಹೊಸದೆಲ್ಲ ಪಾಪಮಯವೆಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಪ್ರಶ್ನೆ ಇರುವುದು ಬರೆಯುವವನು ಯಾರು, ಏತಕ್ಕಾಗಿ ಬರೆಯುತ್ತಾನೆ, ಬರೆಯಿಸಿಕೊಂಡವನಿಗೆ ಅದು ತಿಳಿದಿದೆಯೆ ಎಂಬುದರಲ್ಲಿ. ನಮ್ಮ ಊರಿನ ಶೆಟ್ಟರ ಅಂಗಡಿಯ ಉದ್ದರಿ ಪುಸ್ತಕದಲ್ಲಿ ನಮ್ಮ ಮನೆಯ ಗುಟ್ಟೆಲ್ಲ ಇತ್ತು. ಯಾವ ತಿಂಗಳು ಅಕ್ಕಿ ಸಾಲದೆ ಬಂದಿತು, ಯಾವಾಗ ನೆಂಟರು ಬಂದು ಸಕ್ಕರೆ ಹೆಚ್ಚಾಯಿತು ಎಂಬುದನ್ನು ಅವರು ಪುಟ ತಿರುವಿ ಹೇಳಬಲ್ಲವರಾಗಿದ್ದರು. ಆದರೆ ಆ ಪುಸ್ತಕ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯಿಂದ ಆಚೆಗೆ ಹೋಗುತ್ತಿರಲಿಲ್ಲ. ಸಾಲ ತೀರಿದ ದಿನ ನಮ್ಮೆದುರಿಗೇ ಪುಟದ ಮೇಲೆ ಅಡ್ಡಗೆರೆ ಬೀಳುತ್ತಿತ್ತು. ಇಂದಿನ ದೊಡ್ಡ ಸಂಸ್ಥೆಗಳಿಗೆ ಆ ಪುಸ್ತಕವೇ ಸರಕು. ಯಾರಿಗೆ ಯಾವ ಜಾಹೀರಾತು ತೋರಿಸಬೇಕೆಂಬುದು ಅದನ್ನು ಆಧರಿಸಿಯೇ ನಿರ್ಧಾರವಾಗುತ್ತದೆ.

ದತ್ತಾಂಶವೆಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ದತ್ತವೆಂದರೆ ಕೊಟ್ಟದ್ದು. ಡೇಟಾ ಎಂಬ ಲ್ಯಾಟಿನ್ ಮಾತಿಗೂ ಕೊಟ್ಟದ್ದೆಂದೇ ಮೂಲಾರ್ಥ. ಆದರೆ ಈ ರಾಶಿಯಲ್ಲಿ ನಾವು ತಿಳಿದು ಕೊಟ್ಟದ್ದೆಷ್ಟು? ಜೈನಶಾಸ್ತ್ರದಲ್ಲಿ ಅಸ್ತೇಯವೆಂಬ ವ್ರತವನ್ನು ವಿವರಿಸುವಾಗ, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದನ್ನೇ ಕಳವೆಂದು ಎಣಿಸಿದ್ದಾರೆ. ಅದಕ್ಕೆ ಅದತ್ತಾದಾನವೆಂದು ಹೆಸರು. ಬಾಗಿಲು ತೆರೆದಿತ್ತು, ಯಾರೂ ತಡೆಯಲಿಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ. ಈ ಅಳತೆಗೋಲನ್ನು ಹಿಡಿದು ನಮ್ಮ ಕಾಲದ ಒಂದು ಘಟನೆಯನ್ನು ನೋಡಬಹುದು. ಫೇಸ್‌ಬುಕ್ಕಿನಲ್ಲಿ ಮನುಷ್ಯನ ಸ್ವಭಾವವನ್ನು ಪರೀಕ್ಷಿಸುವುದೆಂದು ಹೇಳಿಕೊಂಡ ಒಂದು ಪ್ರಶ್ನಾವಳಿಗೆ ಸುಮಾರು ೨ ಲಕ್ಷ ೭೦ ಸಾವಿರ ಜನರು ಉತ್ತರ ಕೊಟ್ಟಿದ್ದರು. ಅವರ ಮೂಲಕ ಅವರ ಸ್ನೇಹಿತರ ವಿವರಗಳೂ ಸೋರಿಹೋಗಿ, ಕೇಂಬ್ರಿಡ್ಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಸಂಸ್ಥೆಯ ಕೈಸೇರಿದುವು. ೨೦೧೮ರಲ್ಲಿ ಇದು ಬಯಲಾದಾಗ, ಹಾಗೆ ವಿವರ ಕಳೆದುಕೊಂಡವರು ೮ ಕೋಟಿ ೭೦ ಲಕ್ಷದಷ್ಟು ಮಂದಿ ಇರಬಹುದೆಂದು ಫೇಸ್‌ಬುಕ್ ಸಂಸ್ಥೆಯೇ ಒಪ್ಪಿಕೊಂಡಿತು. ಕೊಟ್ಟವರು ಲಕ್ಷಗಳಲ್ಲಿ, ತೆಗೆದುಕೊಳ್ಳಲ್ಪಟ್ಟವರು ಕೋಟಿಗಳಲ್ಲಿ. ಇದಕ್ಕೆ ದತ್ತಾಂಶವೆನ್ನುವುದಕ್ಕಿಂತ ಅದತ್ತಾಂಶವೆನ್ನುವುದೇ ಸರಿಯಲ್ಲವೆ? ‘ಒಪ್ಪಿಗೆ’ ಎಂಬ ಗುಂಡಿಯನ್ನು ಒತ್ತಿಸಿಕೊಂಡಿದ್ದೇವೆ ಎಂದು ಸಂಸ್ಥೆಗಳು ಹೇಳುವುದುಂಟು. ಒಪ್ಪಂದದ ಆ ಉದ್ದನೆಯ ಬರಹವನ್ನು ಎಂ.ಎ. ಓದಿದ ನಾನೂ ಒಮ್ಮೆಯೂ ಕೊನೆಯವರೆಗೆ ಓದಿದವನಲ್ಲ. ಓದಲಾಗದಂತೆ ಬರೆದುದಕ್ಕೆ ಹಾಕಿದ ಸಹಿ ಎಂಥ ಸಹಿ?

ಬರೆಯುವವನು ಸಜ್ಜನನೇ ಆಗಿದ್ದಾನೆಂದು ಇಟ್ಟುಕೊಳ್ಳೋಣ. ಆಗಲೂ ಬರೆದಿಟ್ಟ ವಹಿ ನಾಳೆ ಯಾರ ಕೈಗೆ ಹೋಗುವುದೆಂದು ಅವನು ಬಲ್ಲನೆ? ಯುರೋಪಿನ ನೆದರ್ಲೆಂಡ್ಸ್ ದೇಶದಲ್ಲಿ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬಹು ಅಚ್ಚುಕಟ್ಟಾದ ಜನಸಂಖ್ಯಾ ದಾಖಲೆಗಳಿದ್ದುವು. ಪ್ರತಿಯೊಬ್ಬ ನಿವಾಸಿಯ ಹೆಸರು, ವಿಳಾಸ, ಮತ ಮೊದಲಾದುವು ಕಾರ್ಡುಗಳಲ್ಲಿ ಸಿದ್ಧವಾಗಿದ್ದುವು. ಯಾವ ದುರುದ್ದೇಶವೂ ಇಲ್ಲದೆ, ಆಡಳಿತದ ಅನುಕೂಲಕ್ಕಾಗಿ ಗುಮಾಸ್ತರು ಅವನ್ನು ಬರೆದಿದ್ದರು. ೧೯೪೦ರ ಮೇ ತಿಂಗಳಲ್ಲಿ ನಾಜಿ ಸೈನ್ಯ ಆ ದೇಶವನ್ನು ಆಕ್ರಮಿಸಿತು. ಯೆಹೂದಿಯರು ಯಾರು, ಎಲ್ಲಿದ್ದಾರೆ ಎಂಬುದನ್ನು ಕಂಡುಹಿಡಿಯಲು ಆ ಅಚ್ಚುಕಟ್ಟಾದ ಕಾರ್ಡುಗಳು ಅವರಿಗೆ ನೆರವಾದುವು. ಅಲ್ಲಿದ್ದ ಸುಮಾರು ೧ ಲಕ್ಷ ೪೦ ಸಾವಿರ ಯೆಹೂದಿಯರಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೊಲ್ಲಲ್ಪಟ್ಟರು. ೧೯೪೩ರ ಮಾರ್ಚ್ ೨೭ರ ರಾತ್ರಿ ಕಲಾವಿದರೂ ವಿದ್ಯಾರ್ಥಿಗಳೂ ಸೇರಿದ್ದ ಒಂದು ಗುಂಪು ಆಂಸ್ಟರ್ಡ್ಯಾಮ್ ನಗರದ ದಾಖಲೆ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿತು. ಕಾರ್ಡುಗಳಲ್ಲಿ ಒಂದು ಭಾಗ ಮಾತ್ರ ಸುಟ್ಟಿತು. ಸಿಕ್ಕಿಬಿದ್ದವರಲ್ಲಿ ಹನ್ನೆರಡು ಮಂದಿಯನ್ನು ಆ ವರ್ಷದ ಜುಲೈ ಒಂದರಂದು ಗುಂಡಿಟ್ಟು ಕೊಂದರು. ಅವರು ಪ್ರಾಣ ತೆತ್ತದ್ದು ಯಾವ ಕೋಟೆಯನ್ನು ಗೆಲ್ಲುವುದಕ್ಕೂ ಅಲ್ಲ, ಒಂದಷ್ಟು ಕಾಗದವನ್ನು ಅಳಿಸುವುದಕ್ಕೆ.

ದೇವರು ಎಲ್ಲವನ್ನೂ ಬಲ್ಲನೆಂದು ಹೇಳಿದ ಧರ್ಮಗಳು ಅಷ್ಟಕ್ಕೇ ನಿಲ್ಲಲಿಲ್ಲ. ಅವನು ದಯಾಮಯನೆಂದೂ ಒಡನೆಯೇ ಹೇಳಿದುವು. ಈ ಎರಡು ಮಾತುಗಳನ್ನು ಬೇರೆ ಮಾಡಿದರೆ ಉಳಿಯುವುದು ದೇವರಲ್ಲ, ಪಹರೆಯವನು. ಭಾಗವತದ ಅಜಾಮಿಳನ ಲೆಕ್ಕದಲ್ಲಿ ಪಾಪವಲ್ಲದೆ ಬೇರೇನೂ ಇರಲಿಲ್ಲ. ಸಾಯುವಾಗ ಮಗನನ್ನು ‘ನಾರಾಯಣ’ ಎಂದು ಕೂಗಿದ್ದೇ ಅವನಿಗೆ ರಕ್ಷೆಯಾಯಿತು. ಕಡತ ಹಿಡಿದು ಬಂದ ಯಮದೂತರು ವಿಷ್ಣುದೂತರ ಮುಂದೆ ವಾದದಲ್ಲಿ ಸೋತು ಹಿಂದಿರುಗಿದರು. ಇದೇನು ನ್ಯಾಯವೆಂದು ತರ್ಕಪ್ರಿಯರು ಕೇಳಬಹುದು, ನಾನೂ ಕೇಳಿದ್ದುಂಟು. ಆದರೆ ಯಮನ ಲೆಕ್ಕದ ಮೇಲೂ ಒಂದು ಮೇಲ್ಮನವಿ ಇರಬೇಕೆಂದು ನಮ್ಮ ಹಿರಿಯರಿಗೆ ಅನ್ನಿಸಿತಲ್ಲ, ಅದು ಸಣ್ಣ ಮಾತಲ್ಲ. ಒಬ್ಬರನ್ನೊಬ್ಬರು ಕದ್ದು ನೋಡಬೇಡಿರೆಂದು ಕುರಾನು ವಿಧಿಸಿದೆ. ಅನ್ಯರ ದೋಷವನ್ನು ಮುಚ್ಚುವುದನ್ನು ಇಸ್ಲಾಂ ಸಂಪ್ರದಾಯ ಪುಣ್ಯವೆಂದು ಎಣಿಸಿದೆ. ಕ್ಯಾಥೊಲಿಕ್ ಪಾದ್ರಿಯು ತನ್ನ ಬಳಿ ಪಾಪನಿವೇದನೆ ಮಾಡಿಕೊಂಡವರ ಮಾತನ್ನು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ. ಅದೇ ಪಂಥದ ಕೇಂದ್ರವಾದ ವ್ಯಾಟಿಕನ್ನಿನ ಒಂದು ಪರಿಷತ್ತು ೨೦೨೦ರ ಫೆಬ್ರವರಿಯಲ್ಲಿ, ಯಂತ್ರಬುದ್ಧಿಯು ಮನುಷ್ಯನ ಘನತೆಗೆ ಅಧೀನವಾಗಿರಬೇಕೆಂಬ ಘೋಷಣೆಯನ್ನು ಹೊರಡಿಸಿದಾಗ ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳೂ ಅದಕ್ಕೆ ಸಹಿ ಹಾಕಿದುವು. ಸಹಿ ಹಾಕುವುದು ಸುಲಭವೆಂದು ಈಗಾಗಲೇ ಹೇಳಿದ್ದೇನೆ. ಆದರೂ ವ್ಯಾಪಾರಿಗಳನ್ನು ಧರ್ಮದ ಮಾತಿಗೆ ಕರೆದದ್ದು ಒಳ್ಳೆಯದೇ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ೧೯೮೭ರಲ್ಲಿ ನಾನು ಒಂದು ಹಳ್ಳಿಯ ಪ್ರೌಢಶಾಲೆಗೆ ಹೊಸದಾಗಿ ಸೇರಿದ್ದೆನು. ಎಂಟನೆಯ ತರಗತಿಯ ಒಬ್ಬ ಹುಡುಗ ಸಹಪಾಠಿಯ ಚೀಲದಿಂದ ಹದಿನೈದು ರೂಪಾಯಿ ತೆಗೆದನು. ವಿಚಾರಿಸಿದಾಗ ಅತ್ತನು, ಮರುದಿನ ಹಣವನ್ನು ತಂದುಕೊಟ್ಟನು. ನಾನು ಶಿಸ್ತಿನ ವಹಿಯಲ್ಲಿ ಅವನ ಹೆಸರನ್ನು ಬರೆದೆನು. ಕೆಲವು ತಿಂಗಳಾದ ಮೇಲೆ ಅವನ ತಂದೆ ಕೂಲಿ ಕೆಲಸಕ್ಕಾಗಿ ಬೇರೆ ಊರಿಗೆ ಹೊರಟು, ಮಗನ ವರ್ಗಾವಣೆ ಪತ್ರವನ್ನು ಕೇಳಲು ಬಂದನು. ಅದನ್ನು ತುಂಬುವ ಕೆಲಸ ನನ್ನದು. ‘ನಡತೆ’ ಎಂಬ ಅಂಕಣದಲ್ಲಿ ‘ತೃಪ್ತಿಕರವಲ್ಲ, ಹಣ ಕದ್ದಿರುತ್ತಾನೆ’ ಎಂದು ಗುಂಡಗೆ ಬರೆದು ಮುಖ್ಯೋಪಾಧ್ಯಾಯರ ಮುಂದಿಟ್ಟೆನು.

ಅವರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ಪತ್ರವನ್ನು ಎರಡು ಸಲ ಓದಿದರು. “ಹುಡುಗನಿಗೆ ವಯಸ್ಸೆಷ್ಟು ಮೇಷ್ಟ್ರೆ?” ಎಂದರು.

“ಹದಿಮೂರು, ಸಾರ್.”

“ನಿಮ್ಮ ಶಾಯಿಗೆ ಆಯಸ್ಸೆಷ್ಟು?”

ನಾನು ಸುಮ್ಮನಿದ್ದೆನು. ಅವರು ಪತ್ರವನ್ನು ಹರಿದು, ಹೊಸ ನಮೂನೆಯನ್ನು ನನ್ನ ಕಡೆಗೆ ಸರಿಸಿ, ‘ಉತ್ತಮ’ ಎಂದು ಬರೆಯಲು ಹೇಳಿದರು. ನನಗೆ ರೋಷ ಬಂದಿತು. “ಸುಳ್ಳು ಬರೆದ ಹಾಗಾಗುವುದಿಲ್ಲವೆ, ಸಾರ್?” ಎಂದೆನು.

“ಕದ್ದದ್ದು ನಿಜ. ಅತ್ತದ್ದೂ ನಿಜ. ಹಣ ತಂದುಕೊಟ್ಟದ್ದೂ ನಿಜ. ನೀವು ಮೊದಲನೆಯದನ್ನು ಮಾತ್ರ ಬರೆದಿದ್ದೀರಿ” ಎಂದರು. ಆಮೇಲೆ ಶಿಸ್ತಿನ ವಹಿಯನ್ನು ತರಿಸಿ, ನಾನು ಬರೆದಿದ್ದ ಸಾಲಿನ ಮೇಲೆ ಬಿಳಿಯ ಕಾಗದದ ಪಟ್ಟಿಯೊಂದನ್ನು ಗೋಂದಿನಿಂದ ಅಂಟಿಸಿ, ಕೈಯಿಂದ ಒತ್ತಿದರು.

ಅದು ನಿಯಮಕ್ಕೆ ವಿರುದ್ಧವೆಂದು ಆಗ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಅವರಾಡಿದ ಮಾತು ನನ್ನನ್ನು ಬಿಟ್ಟು ಹೋಗಿಲ್ಲ. ದಾಖಲೆಯಲ್ಲಿ ಸುಳ್ಳಿಲ್ಲದಿದ್ದರೂ ಅದು ನಿಜವಾಗದೆ ಇರಬಹುದು. ಕಳವನ್ನು ಬರೆಯಲು ವಹಿಯಲ್ಲಿ ಅಂಕಣವಿತ್ತು. ಅಳುವನ್ನು ಬರೆಯಲು ಇರಲಿಲ್ಲ. ಇಂದಿನ ಯಂತ್ರಗಳ ವಹಿಯಲ್ಲಿ ಅಂಕಣಗಳು ಸಾವಿರಾರು. ಆದರೂ ಆ ಹುಡುಗನು ಹಣ ತಂದುಕೊಡಲು ಮರುದಿನ ಬೆಳಿಗ್ಗೆ ಶಾಲೆಯ ಗೇಟಿನ ಬಳಿ ನಿಂತಿದ್ದ ರೀತಿಗೆ ಅವುಗಳಲ್ಲಿ ಎಡೆಯಿದೆಯೆಂದು ನನಗೆ ತೋರುವುದಿಲ್ಲ. ಅವನು ಮುಂದೆ ಏನಾದನೋ ನಾನು ಅರಿಯೆ. ಕಥೆ ಬರೆಯುವವರಾದರೆ ಅವನನ್ನು ಡಾಕ್ಟರನನ್ನಾಗಿ ಮಾಡಿ ನನ್ನ ಕಾಯಿಲೆಯನ್ನು ವಾಸಿಮಾಡಿಸಿಯಾರು! ನನಗೆ ತಿಳಿದಿರುವುದಿಷ್ಟೇ: ಹೊಸ ಊರಿನ ಶಾಲೆಗೆ ಅವನು ಕಳ್ಳನೆಂಬ ಹೆಸರನ್ನು ಹೊತ್ತು ಹೋಗಲಿಲ್ಲ.

ಅಳಿಸುವುದೆಲ್ಲ ಧರ್ಮವೆಂದೂ ತಿಳಿಯಬಾರದು. ಅಧಿಕಾರದಲ್ಲಿರುವವನು ತಿಂದ ಲಂಚ, ಒಂದು ಕೆರೆಯನ್ನು ನುಂಗಿದವನ ಹೆಸರು, ಇವುಗಳ ಮೇಲೆ ಬಿಳಿಯ ಕಾಗದ ಅಂಟಿಸಿದರೆ ಅದು ಕ್ಷಮೆಯಲ್ಲ, ಇನ್ನೊಂದು ಅಪರಾಧ. ಅಂಥ ಲೆಕ್ಕಗಳನ್ನು ಕೇಳುವ ಹಕ್ಕನ್ನೇ ೨೦೦೫ರ ಮಾಹಿತಿ ಹಕ್ಕು ಅಧಿನಿಯಮ ನಮಗೆ ಕೊಟ್ಟಿದೆ. ಬಲವಂತನ ಕಡತ ತೆರೆದಿರಬೇಕು, ಬಲಹೀನನ ಕಡತಕ್ಕೆ ಮುಚ್ಚಳವಿರಬೇಕು. ನಮ್ಮ ಕಾಲದಲ್ಲಿ ಇದು ತಲೆಕೆಳಗಾಗುತ್ತಿದೆಯೆಂಬುದೇ ನನ್ನ ಕಳವಳ: ಯಂತ್ರದ ಹಿಂದಿರುವವನಿಗೆ ನಾವು ಗಾಜಿನ ಮನೆಯಲ್ಲಿದ್ದಂತೆ ಕಾಣುತ್ತೇವೆ; ನಮಗೆ ಅವನು ಕಾಣುವುದೇ ಇಲ್ಲ. ಧರ್ಮದೇವತೆಯ ಸಭೆಗೆ ಮಾಂಡವ್ಯನಿಗೆ ದಾರಿಯಾದರೂ ಗೊತ್ತಿತ್ತು. ಸಾಲ ಕೊಡಲಾಗದೆಂದು ಯಂತ್ರ ಹೇಳಿದರೆ, ಏಕೆಂದು ಕೇಳಲು ನಾವು ಯಾವ ಬಾಗಿಲಿಗೆ ಹೋಗೋಣ?

ಅಂಥ ಬಾಗಿಲನ್ನು ತಟ್ಟಿದವರಲ್ಲಿ ನಮ್ಮ ನಾಡಿನವರೊಬ್ಬರಿದ್ದರೆಂಬುದು ನೆನೆಯತಕ್ಕ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅವರ ಹೆಸರಿನ ಮೊಕದ್ದಮೆಯಲ್ಲಿಯೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು, ತೀರ್ಪು ಉಳಿದಿದೆ. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಸಂಜಯ ಕಿಶನ್ ಕೌಲ್ ಅವರು ತಮ್ಮ ಅಭಿಪ್ರಾಯದಲ್ಲಿ ಮಕ್ಕಳ ವಿಷಯವನ್ನು ವಿಶೇಷವಾಗಿ ಎತ್ತಿಕೊಂಡು, ಅಕ್ಷರ ಕಲಿಯುವ ವಯಸ್ಸಿನಿಂದಲೇ ಮಕ್ಕಳು ಅಳಿಯದ ಹೆಜ್ಜೆಗುರುತುಗಳನ್ನು ಬಿಡುತ್ತಿರುವುದನ್ನು ನೆನಪಿಸಿ, ಬಾಲ್ಯದ ತಪ್ಪಿನ ಫಲವನ್ನು ಅವರು ಜೀವಮಾನವೆಲ್ಲ ಉಣ್ಣುವಂತಾಗಬಾರದೆಂದು ಬರೆದರು. ಶೂಲದ ಮೊನೆಯನ್ನು ಮೈಯಲ್ಲಿ ಹೊತ್ತ ಮುನಿ ಧರ್ಮನ ಸಭೆಯಲ್ಲಿ ಆಡಿದ್ದೂ ಇದೇ ಅಲ್ಲವೆ?

ಮರುವರ್ಷ, ೨೦೧೮ರ ಸೆಪ್ಟೆಂಬರಿನಲ್ಲಿ, ನ್ಯಾಯಾಲಯವು ಆಧಾರ್ ಯೋಜನೆಯನ್ನು ಕೆಲವು ಮಿತಿಗಳೊಡನೆ ಎತ್ತಿಹಿಡಿಯಿತು. ಆದರೆ ಬಾಲ್ಯದಲ್ಲಿ ನೋಂದಾಯಿತರಾದವರು ಪ್ರಾಯಕ್ಕೆ ಬಂದಾಗ ಬೇಡವೆಂದು ಹೊರಬರಲು ಅವಕಾಶವಿರಬೇಕೆಂದಿತು. ೨೦೨೩ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶದ ಸಂರಕ್ಷಣೆಗಾಗಿ ಒಂದು ಅಧಿನಿಯಮವನ್ನು ಅಂಗೀಕರಿಸಿದೆ. ೧೮ ವರ್ಷ ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕು, ಅವರ ನಡೆನುಡಿಗಳನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು, ಕೆಲವು ಸಂದರ್ಭಗಳಲ್ಲಿ ವಿವರವನ್ನು ಅಳಿಸಿರೆಂದು ಕೇಳಬಹುದು ಎಂಬ ವಿಧಿಗಳು ಅದರಲ್ಲಿವೆ. ಸರ್ಕಾರಕ್ಕೆ ಅದರಲ್ಲಿ ಕೊಟ್ಟಿರುವ ವಿನಾಯಿತಿಗಳು ಹೆಚ್ಚಾದುವೆಂಬುದು ನನ್ನ ಅಭಿಪ್ರಾಯ. ಧರ್ಮನನ್ನೇ ವಿನಾಯಿತಿಯಿಲ್ಲದೆ ಶಪಿಸಿದ ಪರಂಪರೆ ನಮ್ಮದು.

ಆದರೆ ಕಾನೂನು ತಲಪದ ಜಾಗವೊಂದಿದೆ. ಅದು ನಿಮ್ಮ ಅಂಗೈ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ನಾನೇ ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ, ರಾಜ್ಯೋತ್ಸವದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಭಾಷಣಕ್ಕೆ ನಿಂತಳು. ಎರಡು ವಾಕ್ಯ ಹೇಳಿ ಮರೆತಳು. ಮತ್ತೆ ಮೊದಲಿನಿಂದ ಆರಂಭಿಸಿ, ಅಲ್ಲಿಯೇ ಮರೆತು, ಅತ್ತಳು. ಯಾರೋ ಒಬ್ಬ ಹುಡುಗ ಅದನ್ನು ಫೋನಿನಲ್ಲಿ ಚಿತ್ರಿಸಿಕೊಂಡು, ನಗೆಯ ಮಾತೊಂದನ್ನು ಸೇರಿಸಿ ಗೆಳೆಯರಿಗೆ ಕಳುಹಿಸಿದನು. ಸಂಜೆಯೊಳಗೆ ಅದು ಊರೆಲ್ಲ ತಿರುಗಿತು. ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು.

ನಾನು ತರಗತಿಗೆ ಹೋಗಿ ಯಾರನ್ನೂ ಬೈಯದೆ ಮಾಂಡವ್ಯನ ಕಥೆಯನ್ನು ಹೇಳಿದೆನು. ಮರುದಿನ ಮಕ್ಕಳು ಮನೆಯ ಫೋನುಗಳಲ್ಲಿ ಇದ್ದುದನ್ನು ಅಳಿಸಿ ಬಂದರು. ಚಿತ್ರಿಸಿದ ಹುಡುಗನು ತಾನಾಗಿಯೇ ನನ್ನ ಕೊಠಡಿಗೆ ಬಂದು ತಲೆ ತಗ್ಗಿಸಿ ನಿಂತನು. ಶಿಸ್ತಿನ ವಹಿಯನ್ನು ನಾನು ತೆರೆಯಲಿಲ್ಲ. ಅವನನ್ನೂ ಅವನ ಇಬ್ಬರು ಗೆಳೆಯರನ್ನೂ ಕರೆದುಕೊಂಡು ಆ ಹುಡುಗಿಯ ಮನೆಗೆ ಹೋದೆನು. ಆಕೆಯ ತಾಯಿ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಹುಡುಗರು ತಪ್ಪಾಯಿತೆಂದರು, ಎಲ್ಲರೂ ಅಳಿಸಿದ್ದೇವೆಂದು ಹೇಳಿದರು.

ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಬಹಳ ಹೊತ್ತಿನ ಮೇಲೆ, “ಬೇರೆ ಊರಿನವರಿಗೂ ಹೋಗಿದೆಯಂತೆ ಸಾರ್. ಅವರದ್ದರಲ್ಲೂ ಅಳಿಸೋಕೆ ಆಗುತ್ತಾ?” ಎಂದು ಕೇಳಿದಳು.

ಆಗುತ್ತದೆಂದು ನಾನು ಹೇಳಲಾರದೆ ಹೋದೆನು. ನಾಳೆ ಶಾಲೆಗೆ ಬಾರಮ್ಮ ಎಂದೆನು. ಮೂರು ದಿನ ಬಿಟ್ಟು ಅವಳು ಬಂದಳು. ಕೊನೆಯ ಬೆಂಚಿನಲ್ಲಿ ಕುಳಿತಳು.